ಅಳುಮೋರೆ ಪ್ಯಾಕ್

ಕಾಮಿಕ್ಸ್ ಬಿಡಿಸಲು ಕಲಿಯುತ್ತಿರುವವರಲ್ಲಿ ನನ್ನ ಮುಖ ನೋಡದವರು ಬಹಳ ಕಡಿಮೆ. ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಕೊಂಬು ಇಟ್ಟುಕೊಂಡು ರಾಕ್ಷಸಿಯಾಗಿ ಅತ್ತಿದ್ದೇನೆ, ಕಿರೀಟ ಇಟ್ಟುಕೊಂಡು ರಾಣಿಯಾಗಿ ಅತ್ತಿದ್ದೇನೆ, ಒಂದು ಕಡೆ ಬೆಕ್ಕಿನ ಕಿವಿ ಅಂಟಿಸಿಕೊಂಡು ಮೀನು ಸಿಗಲಿಲ್ಲವೆಂದೂ ಅತ್ತಿದ್ದೇನೆ. ಅಳು ಎಲ್ಲ ಕಡೆಯೂ ಒಂದೇ. ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಮುಚ್ಚುತ್ತದೆ, ಕೆಳತುಟಿ ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ, ಗದ್ದದ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಈ ಸೊಟ್ಟ ಮೋರೆ ನನಗೆ ಹುಟ್ಟಿನಿಂದ ಬಂದದ್ದು. ಅದನ್ನು ಮಾರಿದವನು ನನ್ನ ಅಣ್ಣ.

ಅಣ್ಣ ವೆಬ್‌ಕಾಮಿಕ್ಸ್ ಕಲಿಸುವವನು. ಫೋನಿನ ಮೇಲೆ ಹೆಬ್ಬೆರಳಿಟ್ಟು ತಳ್ಳುತ್ತಾ ಓದುತ್ತಾರಲ್ಲ, ಆ ಚಿತ್ರಕಥೆಗಳು. ಇಂಟರ್ನೆಟ್ಟಿನ ತುಂಬ ಅವನ ಶಿಷ್ಯರಿದ್ದಾರೆ, ಎಲ್ಲರೂ ಅವನನ್ನು ಗೆರೆ ಸರ್ ಎನ್ನುತ್ತಾರೆ. ಚೆನ್ನಾಗಿ ಕಲಿಸುತ್ತಾನೆ ಎಂಬುದನ್ನು ಹೊಟ್ಟೆ ಉರಿದರೂ ಒಪ್ಪಿಕೊಳ್ಳಬೇಕು. ದುಬಾರಿ ಟ್ಯಾಬ್ಲೆಟ್ ಕೊಳ್ಳಲು ಓಡಬೇಡಿ, ಮೊದಲು ಫೋನಿನಲ್ಲೇ ಬೆರಳಿನಿಂದ ಬಿಡಿಸಿ ಎನ್ನುತ್ತಾನೆ. ಮಾತಿನ ಗುಳ್ಳೆಗಳನ್ನು ಮೊದಲು ಇಡಿ, ಆಮೇಲೆ ಮನುಷ್ಯರನ್ನು ನಿಲ್ಲಿಸಿ, ಇಲ್ಲದಿದ್ದರೆ ಗುಳ್ಳೆ ಹೋಗಿ ನಾಯಕನ ತಲೆಯ ಮೇಲೆ ಕೂರುತ್ತದೆ ಎನ್ನುತ್ತಾನೆ. ಕೆಟ್ಟ ಸುದ್ದಿ ಬರುವ ಚೌಕಕ್ಕೆ ಮುಂಚೆ ಉದ್ದಕ್ಕೂ ಖಾಲಿ ಬಿಡಿ, ಓದುವವನ ಬೆರಳು ಆ ಖಾಲಿಯಲ್ಲಿ ಓಡುವಾಗಲೇ ಅವನ ಎದೆ ಹೊಡೆದುಕೊಳ್ಳುವುದು ಎನ್ನುತ್ತಾನೆ. ಇದೆಲ್ಲ ನಿಜ. ಮಳೆ ಸುರಿಸುವ ಬ್ರಷ್ಷು, ಮರದ ತುಂಬ ಎಲೆ ಹಚ್ಚುವ ಬ್ರಷ್ಷು, ಸಿದ್ಧ ಮೆಟ್ಟಿಲು, ಸಿದ್ಧ ಕಿಟಕಿ, ಸಿದ್ಧ ಬೀದಿ, ಎಲ್ಲವನ್ನೂ ಪುಕ್ಕಟೆ ಹಂಚುತ್ತಾನೆ. ಮುಖಗಳನ್ನು ಮಾತ್ರ ಮಾರುತ್ತಾನೆ.

ಆ ಮುಖಗಳ ಕಂತೆಗೆ ಪ್ಯಾಕ್ ಎಂದು ಹೆಸರು. ನಗುವ ಪ್ಯಾಕ್, ಬೆಚ್ಚುವ ಪ್ಯಾಕ್, ಅಳುವ ಪ್ಯಾಕ್. ಒಂದೊಂದರಲ್ಲೂ ಒಂದೇ ಭಾವ, ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ, ಬರೀ ಗೆರೆಗಳಲ್ಲಿ. ಕಲಿಯುವವರು ಅದನ್ನು ಅಡಿಯ ಪದರದಲ್ಲಿ ಇಟ್ಟುಕೊಂಡು, ಮಸುಕು ಮಾಡಿ, ಅದರ ಮೇಲೆ ತಮ್ಮ ಗೆರೆ ಎಳೆಯುತ್ತಾರೆ. ಕೂದಲು ಬದಲಿಸಿದರೆ ರಾಣಿ, ಕೊಂಬು ಹಚ್ಚಿದರೆ ರಾಕ್ಷಸಿ. ಒಂದೇ ಕಟ್ಟುಪಾಡು: ಪ್ಯಾಕ್ ಬಳಸಿದರೆ ಕಾಮಿಕ್ಸಿನ ಕೆಳಗೆ 'ಮುಖ: ಗೆರೆ ಸರ್ ಸಂಗ್ರಹದಿಂದ' ಎಂದು ಹಾಕಬೇಕು. ಹಾಕದೆ ಬಳಸಿದವರನ್ನು ಆ ಲೋಕದಲ್ಲಿ ಕಳ್ಳರು ಎನ್ನುತ್ತಾರೆ, ಮುಲಾಜಿಲ್ಲದೆ ಹೊರಗೆ ಹಾಕುತ್ತಾರೆ.

ಅಣ್ಣ ಇಷ್ಟು ದೊಡ್ಡವನಾದದ್ದು 'ಮನಸ್ಸಿನಿಂದ ಮುಖ' ಎಂಬ ಅವನ ಪಾಠಮಾಲೆಯಿಂದ. ಫೋಟೋ ನೋಡುವುದಿಲ್ಲ, ಕನ್ನಡಿ ನೋಡುವುದಿಲ್ಲ, ಎದುರಿಗೆ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ, ಕಣ್ಣಾರೆ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಿಡಿಸುತ್ತೇನೆ ಎಂದು ಅವನು ಎದೆ ತಟ್ಟಿ ಹೇಳುತ್ತಾನೆ. ಲೈವ್ ಪಾಠದಲ್ಲಿ ಶಿಷ್ಯರು ಯಾವ ಭಾವ ಕೇಳಿದರೂ ಎಡಕ್ಕೆ ತಿರುಗಿ ಒಂದು ಗಳಿಗೆ ಯೋಚಿಸುತ್ತಾನೆ, ಆಮೇಲೆ ಸರಸರನೆ ಎಳೆಯುತ್ತಾನೆ. ಎಡಕ್ಕೆ ನೋಡಿದರೆ ನೆನಪು ತೆರೆಯುತ್ತದೆ ಎಂದು ನಂಬಿ ಈಗ ಅವನ ಶಿಷ್ಯರೂ ಬಿಡಿಸುವಾಗ ಎಡಕ್ಕೆ ನೋಡುತ್ತಾರಂತೆ.

ಎಡಕ್ಕೆ ಒಂದು ಸ್ಟೂಲಿದೆ. ಅದರ ಮೇಲೆ ನಾನು ಕೂತಿರುತ್ತೇನೆ.

ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ, ದೀಪದ ಕಂಬಕ್ಕೂ ಬೀರುವಿಗೂ ನಡುವಿನ ಸಂದಿಯಲ್ಲಿ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಬಂದ ಮೇಲೆ ಕಾಲು ಚಾಚಲೂ ಅಲ್ಲಿ ಜಾಗವಿಲ್ಲ. ಶಿಷ್ಯರ ಕೋರಿಕೆಗಳು ನನ್ನ ಎದುರಿನ ಹಳೆಯ ಫೋನಿನಲ್ಲಿ ಉರುಳುತ್ತವೆ. ಅಸೂಯೆ ಎಂದರೆ ಅಸೂಯೆ, ನಾಚಿಕೆ ಎಂದರೆ ನಾಚಿಕೆ. ನಾನು ಮೋರೆ ಮಾಡುತ್ತೇನೆ, ಅವನು ನೋಡುತ್ತಾನೆ, ಮನಸ್ಸಿನಿಂದ ಬಿಡಿಸುತ್ತಾನೆ. ಮನೆಯಲ್ಲಿ ಅವನು ನನ್ನನ್ನು ಕರೆಯುವುದೇ ಮೂತಿ ಎಂದು. ಬಾರೇ ಮೂತಿ, ಕೂರೇ ಮೂತಿ. ಇದಕ್ಕೆ ಬದಲಾಗಿ ಚಿತ್ರ ಬಿಡಿಸಲು ಹೇಳಿಕೊಡುತ್ತೇನೆ ಎಂದಿದ್ದ. ನಾಳೆ ನಾಳೆ ಎಂದು ತಳ್ಳುತ್ತಲೇ ಬಂದ, ಕೊನೆಗೆ ನಾನೇ ಕೇಳುವುದನ್ನು ಬಿಟ್ಟೆ. ಸ್ಟೂಲಿನ ಮೇಲೆ ಕೂತೇ ಎಲ್ಲ ಪಾಠ ಕೇಳಿಸಿಕೊಳ್ಳುತ್ತಿದ್ದೆನಲ್ಲ, ಅದೇ ಸಾಕಾಯಿತು.

ಅಳು ಮಾತ್ರ ನನಗೆ ಬರುತ್ತಿರಲಿಲ್ಲ. ನಗು ಬರಿಸಬಹುದು, ಸಿಡುಕು ಬರಿಸಬಹುದು. ಅಳು ಬರಿಸಿದರೆ ಸೀನು ಬಂದವರ ಹಾಗೆ ಕಾಣುತ್ತಿತ್ತು. ಅಣ್ಣ ಈರುಳ್ಳಿ ತಂದ, ಮುಲಾಮು ತಂದ. ನೀರು ಬಂತೇ ಹೊರತು ಮುಖ ಬರಲಿಲ್ಲ. ಶಿಷ್ಯರು ಅಳುವ ಪ್ಯಾಕ್ ಯಾವಾಗ ಎಂದು ಜೀವ ತಿನ್ನುತ್ತಿದ್ದರು.

ಆ ದಿನಗಳಲ್ಲೇ ಅಮ್ಮನಿಗೆ ಆಪರೇಶನ್ ಆಯಿತು. ಅಣ್ಣ ಆಸ್ಪತ್ರೆಯಲ್ಲಿದ್ದ, ನಾನು ಮನೆಯಲ್ಲಿ ಫೋನು ಹಿಡಿದುಕೊಂಡು ಕೂತಿದ್ದೆ. ಮಧ್ಯಾಹ್ನ ಅವನು ಬಾಗಿಲು ತೆರೆದು ಬಂದ, ಚಪ್ಪಲಿಯನ್ನೂ ಬಿಡಲಿಲ್ಲ. ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತ. ಕಿಟಕಿಯ ಪರದೆ ಸರಿಸಿದ. ಆಗ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ಬೆಳಕು ಬೇಕಿತ್ತು ಎಂದು ಹೊಳೆದದ್ದು ಎಷ್ಟೋ ದಿನ ಬಿಟ್ಟು.

"ಅಮ್ಮ ಹೋಗ್ಬಿಟ್ಳು ಕಣೇ," ಎಂದ.

ನಾನು ಹೇಗೆ ಅತ್ತೆನೆಂದು ಬರೆಯಬೇಕಿಲ್ಲ, ನೀವು ನೋಡಿರುತ್ತೀರಿ. ನೆಲದ ಮೇಲೆ ಬಿದ್ದು ಅತ್ತೆ, ಅವನ ಮೊಣಕಾಲು ಹಿಡಿದುಕೊಂಡು ಅತ್ತೆ. ಅವನು ನನ್ನ ಗದ್ದ ಹಿಡಿದು ಮುಖವನ್ನು ಮೇಲೆತ್ತಿದ. ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡೆ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ. ಬಹಳ ಹೊತ್ತಾದ ಮೇಲೆ ಎದ್ದು, ನನಗೆ ಗೊತ್ತಿಲ್ಲದೆ ಪುಸ್ತಕಗಳ ನಡುವೆ ನಿಲ್ಲಿಸಿದ್ದ, ತಾನಾಗಿ ಫೋಟೋ ತೆಗೆಯುತ್ತಿದ್ದ ಕ್ಯಾಮೆರಾ ತೆಗೆದು ನೋಡಿದ.

"ಥತ್, ಬ್ಯಾಟರಿ ಮುಗೀತು," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಏಳೇ, ಸುಳ್ಳು ಹೇಳ್ದೆ. ಅಮ್ಮ ಆರಾಮಾಗಿದಾಳೆ. ಗಂಜಿ ಕುಡಿದು ಮಲಗಿದಾಳೆ," ಎಂದ.

ನಾನು ಅವನನ್ನು ಹೊಡೆಯಲಿಲ್ಲ. ಖುಷಿಯಾಯಿತು! ಅಮ್ಮ ಬದುಕಿದ್ದಾಳೆ ಎಂದು ಹಿಗ್ಗಿ ಅವನನ್ನೇ ಅಪ್ಪಿಕೊಂಡೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಮ್ಮ ಮನೆಗೆ ಬಂದ ಮೇಲೆ ಹೇಳಿದೆ. ಅಮ್ಮ ಬೈಯುತ್ತಾಳೆ, ಕಡೇ ಪಕ್ಷ ಅಪಶಕುನ ಎಂದಾದರೂ ಸಿಡುಕುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಲಿಗೆಯ ಜಾಗವನ್ನು ಕೈಯಿಂದ ಒತ್ತಿ ಹಿಡಿದುಕೊಂಡು ನಕ್ಕಳು. ನಗಬಾರದೆಂದು ಡಾಕ್ಟರು ಹೇಳಿದ್ದರು. ಆ ಫೋಟೋಗಳನ್ನು ತರಿಸಿಕೊಂಡು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದಳು.

"ಅಯ್ಯೋ ನನ್ ಕಂದಾ, ನನ್ ಮೇಲೆ ಇಷ್ಟೊಂದು ಪ್ರೀತಿನಾ ನಿಂಗೆ? ಬಾಯ್ಬಿಟ್ಟು ಒಂದ್ ದಿನಾನೂ ಹೇಳಿಲ್ವಲ್ಲೇ!" ಎಂದಳು. ಅದರಲ್ಲಿ ಒಂದನ್ನು ಆರಿಸಿ ತನ್ನ ಫೋನಿನ ಮುಖಪುಟಕ್ಕೆ ಹಾಕಿಕೊಂಡಳು. ಬಂದವರಿಗೆಲ್ಲ ತೋರಿಸಿ, "ನಾನು ಸತ್ತೆ ಅಂತ ಅಳ್ತಿರೋದು," ಎಂದು ಜಂಬ ಪಡುತ್ತಿದ್ದಳು.

ಅಳುವ ಪ್ಯಾಕ್ ಬಿಸಿಬಿಸಿಯಾಗಿ ಖರ್ಚಾಯಿತು. ಅಂಥ ಅಳುವನ್ನು ಯಾರೂ ಬಿಡಿಸಿರಲಿಲ್ಲ ಎಂದು ಶಿಷ್ಯರು ಕೊಂಡಾಡಿದರು. ಒಮ್ಮೆ ನಮ್ಮ ಅಂಗಡಿಗೆ ಬಂದ ಕಾಲೇಜು ಹುಡುಗಿಯೊಬ್ಬಳು ಕನ್ನಡಕ ಹಾಕಿಸಿಕೊಳ್ಳುತ್ತಾ ನನ್ನನ್ನೇ ದಿಟ್ಟಿಸಿ, "ಅಕ್ಕಾ, ನಿಮ್ಮನ್ನ ಎಲ್ಲೋ ನೋಡಿದೀನಿ," ಎಂದಳು. ಅಳುತ್ತಿರಲಿಲ್ಲವಲ್ಲ, ಗುರುತು ಹತ್ತಲಿಲ್ಲ.

ನಾನು ಬಿಡಿಸಲು ಶುರು ಮಾಡಿದ್ದು ಆಮೇಲೆ. ಅಣ್ಣ ಮೂಲೆಗೆ ಎಸೆದಿದ್ದ ಹಳೆಯ ಟ್ಯಾಬ್ಲೆಟ್ ಇತ್ತು. ಅದರ ಒಂದು ಮೂಲೆ ಸತ್ತಿತ್ತು, ಅಲ್ಲಿ ಪೆನ್ನಿಟ್ಟರೆ ಗೆರೆಯೇ ಮೂಡುತ್ತಿರಲಿಲ್ಲ. ಅದಕ್ಕೇ ನನ್ನ ಚಿತ್ರಗಳಲ್ಲಿ ಬಲಗಡೆಯ ಮೇಲಿನ ಮೂಲೆ ಸದಾ ಖಾಲಿ. ಓದುವವರು ಅದನ್ನು ನನ್ನ ಶೈಲಿ ಎಂದು ಹೊಗಳಿದ್ದುಂಟು. ರಜೆಯ ದಿನ ಅಡುಗೆಮನೆಯ ಮೇಜಿನ ಮೇಲೆ, ಬಚ್ಚಲಿನ ಸಣ್ಣ ಕನ್ನಡಿಯನ್ನು ಡಬ್ಬಿಗೆ ಒರಗಿಸಿಕೊಂಡು, ನನ್ನ ಮುಖವನ್ನು ನಾನೇ ನೋಡುತ್ತಾ ಬಿಡಿಸಿದೆ. ಕಥೆ ಹುಡುಕಬೇಕಾಗಿರಲಿಲ್ಲ. ಒಬ್ಬ ಅಣ್ಣ, ಒಬ್ಬಳು ತಂಗಿ, ಆಸ್ಪತ್ರೆಯಲ್ಲಿ ತಾಯಿ, ಒಂದು ಸುಳ್ಳು. ಹೆಸರು 'ಬ್ಯಾಟರಿ ಮುಗೀತು'.

ಹೊಸಬರು ಕಾಮಿಕ್ಸ್ ಹಾಕುವ ಒಂದು ತಾಣವಿದೆ, ಅಲ್ಲಿ ಸುಳ್ಳು ಹೆಸರಿನಲ್ಲಿ ಕಂತು ಕಂತಾಗಿ ಹಾಕಿದೆ. ಮೊದಮೊದಲು ನೊಣವೂ ಹಾಯಲಿಲ್ಲ. ಆಮೇಲೆ ಯಾರೋ ಒಬ್ಬರು, "ಮುಂದೇನಾಯ್ತು?" ಎಂದು ಬರೆದರು. ಅಂಗಡಿಯಲ್ಲಿ ಗಾಜು ಒರೆಸುತ್ತಾ ಅದನ್ನು ಓದಿದೆ. ಮುಂದೇನಾಯ್ತು! ಅಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ. ಅವತ್ತು ಗಿರಾಕಿಯೊಬ್ಬರ ಕನ್ನಡಕದ ಕಾಲನ್ನು ಉಲ್ಟಾ ಜೋಡಿಸಿ ಮಾಲೀಕರ ಕೈಯಲ್ಲಿ ಉಗಿಸಿಕೊಂಡೆ, ಆದರೂ ನಗುತ್ತಲೇ ಇದ್ದೆ. ಓದುಗರು ಹೆಚ್ಚಿದರು. ನನಗೆ ಆಗ ಜೀವನದಲ್ಲಿ ಬೇಕಿದ್ದದ್ದು ಒಂದೇ, ಆ ಕಥೆಯನ್ನು ಮುಗಿಸುವುದು. ಆ ಮಧ್ಯಾಹ್ನ ನಡೆದದ್ದು ತಮಾಷೆಯಲ್ಲ ಎಂದು ಯಾರಾದರೂ ಒಬ್ಬರು ಹೇಳುವುದನ್ನು ಕೇಳುವುದು.

ತಂಗಿ ಅಳುವ ಕಂತು ಬಿಡಿಸುವಾಗ ಆ ಮಧ್ಯಾಹ್ನ ನೆನಪಾಗಿ ಕನ್ನಡಿಯ ಮುಂದೆ ಅಳು ತಾನಾಗಿಯೇ ಬಂತು. ಅದನ್ನು ಹಾಕಿದ ದಿನವೇ ಗ್ರಹಚಾರ ವಕ್ಕರಿಸಿತು.

"ಇದು ಗೆರೆ ಸರ್ ಅವರ ಅಳುವ ಪ್ಯಾಕ್ ಅಲ್ವಾ?" ಎಂದು ಒಬ್ಬರು ಬರೆದರು. ಇನ್ನೊಬ್ಬರು ಪ್ಯಾಕಿನ ಚಿತ್ರವನ್ನು ನನ್ನ ಚಿತ್ರದ ಮೇಲೆ ಇಟ್ಟು ತೋರಿಸಿದರು. ಎಡಗಣ್ಣು, ಕೆಳತುಟಿ, ಗದ್ದದ ಗುಳಿ, ಒಂದರ ಮೇಲೊಂದು ಸರಿಯಾಗಿ ಕೂತವು. ಕೂರದೆ ಏನು ಮಾಡುತ್ತವೆ? ಕಳ್ಳಿ ಎಂದರು. ಕೆಳಗೆ ಹೆಸರು ಹಾಕುವಷ್ಟೂ ನಿಯತ್ತಿಲ್ಲ ಎಂದರು. ಮುಂದೇನಾಯ್ತು ಎಂದು ಕೇಳಿದ್ದವರೂ ಅದರಲ್ಲಿದ್ದರು.

ಅದು ನನ್ನದೇ ಮುಖ ಎಂದು ಬರೆದೆ. "ಹೌದಾ ತಾಯಿ, ಹಾಗಾದ್ರೆ ಆ ಬೆಕ್ಕು ನಾನೇ," ಎಂದು ಉತ್ತರ ಬಂತು. ಕನ್ನಡಿಯ ಮುಂದೆ ಅಳುವ ಮುಖ ಮಾಡಿ ಫೋಟೋ ತೆಗೆದು ಹಾಕಿದೆ. ಬರಿಸಿದ ಅಳು, ಸೀನು ಬಂದವರ ಹಾಗಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ಯಾಕ್ ನೋಡಿಕೊಂಡು ಅಭ್ಯಾಸ ಮಾಡಿದ್ದಾಳೆ, ಆದರೂ ಸರ್ ಬಿಡಿಸಿದಷ್ಟು ಸಹಜವಾಗಿ ಬಂದಿಲ್ಲ ಎಂದು ಒಬ್ಬ ಮಹಾನುಭಾವ ವಿಮರ್ಶೆ ಬರೆದ.

ತಾಣದವರು ನ್ಯಾಯವಾಗಿಯೇ ನಡೆದುಕೊಂಡರು. ಎರಡೂ ಚಿತ್ರಗಳನ್ನು ಆ ವಿಷಯ ಬಲ್ಲವರಿಗೆ ಕಳಿಸಿ ಅಭಿಪ್ರಾಯ ಕೇಳಿದರು. ಮುಖದ ವಿಷಯ ಬಲ್ಲವರೆಂದರೆ ಗೆರೆ ಸರ್.

ಅವನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಮೊದಲ ಕಂತಿನಿಂದ ಓದುತ್ತಿದ್ದ. ಬಿಡಿಸಿದವಳು ಯಾರೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಅಮ್ಮ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ.

"ಚೆನ್ನಾಗಿದೆ ಕಣೇ ಮೂತಿ," ಎಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಖಾಲಿ ಜಾಗ ಸರಿಯಾಗಿ ಬಿಟ್ಟಿದೀಯ. ಆದ್ರೆ ಆ ಅಣ್ಣನ ಪಾತ್ರ ಇದ್ಯಲ್ಲ, ತೀರಾ ಒಂದೇ ಬಣ್ಣದ್ದಾಯ್ತು. ಕೆಟ್ಟವನಿಗೂ ಅವನದೇ ಒಂದು ಕಾರಣ ಕೊಡ್ಬೇಕು. ಇಲ್ಲಾಂದ್ರೆ ಓದೋರು ನಂಬಲ್ಲ."

"ಏನ್ ಕಾರಣ ಕೊಡ್ಲಿ? ನೀನೇ ಹೇಳು."

ಅವನು ನಿಜವಾಗಿಯೂ ಯೋಚಿಸಿದ. ಎಡಕ್ಕೆ ನೋಡಿದ. ಅಲ್ಲಿ ಫ್ರಿಜ್ಜಿತ್ತು.

"ಅವನಿಗೆ ಒಳ್ಳೆ ಅಳು ಬೇಕಾಗಿತ್ತು," ಎಂದ.

"ಅಣ್ಣಾ, ಅದು ನನ್ ಮುಖ ಅಂತ ಅವರಿಗೆ ಒಂದ್ ಮಾತು ಬರಿ. ಇನ್ನೇನೂ ಬೇಡ. ಸುಳ್ಳು ಹೇಳಿದ್ದು, ಕ್ಯಾಮೆರಾ ಇಟ್ಟಿದ್ದು, ಯಾವುದೂ ಬೇಡ."

"ಬರೆದ್ರೆ? ಮನಸ್ಸಿನಿಂದ ಮುಖ ಅಂತ ಕಲಿಸ್ಕೊಂಡು ಬಂದಿರೋನು ನಾನು. ತಂಗೀನ ಕೂರಿಸ್ಕೊಂಡು ಬಿಡಿಸ್ತಾನೆ ಅಂದ್ರೆ ನಾಳೆ ನನ್ ಪಾಠ ಯಾರು ಕೇಳ್ತಾರೆ?"

"ನನ್ನನ್ನ ಕಳ್ಳಿ ಅಂತಿದಾರೆ ಕಣೋ!"

"ನಿನ್ನನ್ನ ಎಲ್ಲಿ ಅಂತಿದಾರೆ? ಆ ಸುಳ್ಳು ಹೆಸರನ್ನ ಅಂತಿದಾರೆ. ಬೇರೆ ಹೆಸರು ಇಟ್ಕೊಂಡು ಬೇರೆ ಕಥೆ ಶುರು ಮಾಡು. ಕಂಡೋರ ಮುಖ ಯಾಕೆ, ನೀನೇ ಹೊಸದೊಂದು ಕಲ್ಪಿಸ್ಕೋ."

ಅಮ್ಮ ಮಡಿಸಿದ ದಿಂಬಿನ ಚೀಲವನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು. "ಅಣ್ಣನ ಹೊಟ್ಟೆ ಮೇಲೆ ಹೊಡಿಬೇಡ್ವೇ," ಎಂದಳು. "ಅವನು ನಿನ್ ಮುಖಾನ ಊರಿಗೆಲ್ಲ ಬೇಕಾಗೋ ಹಾಗೆ ಮಾಡಿದಾನೆ. ಅದೂ ಒಂದು ಭಾಗ್ಯಾನೇ."

ಅವನು ನನ್ನ ಕಣ್ಣ ಮುಂದೆಯೇ ಅಭಿಪ್ರಾಯ ಟೈಪ್ ಮಾಡಿದ. ಗೆರೆಯಲ್ಲಿ ಸತ್ವವಿದೆ, ಕಥೆ ಕಟ್ಟುವ ಕೈ ಇದೆ, ಆದರೆ ಮುಖ ನನ್ನ ಸಂಗ್ರಹದ್ದೇ, ಅನುಮಾನವಿಲ್ಲ. ಕಲಿಯುತ್ತಿರುವವರು, ಕಠಿಣ ಕ್ರಮ ಬೇಡ. ಬರೆದು ಮುಗಿಸಿ ನನಗೆ ಓದಿ ಹೇಳಿದ, ಹೊಗಳಿದ್ದೇನೆ ನೋಡು ಎಂಬಂತೆ. ಸಂಜೆಯ ಹೊತ್ತಿಗೆ 'ಬ್ಯಾಟರಿ ಮುಗೀತು' ತಾಣದಿಂದ ಮಾಯವಾಗಿತ್ತು. ಕೊನೆಯ ಕಂತು ಇನ್ನೂ ಬಿಡಿಸಿರಲಿಲ್ಲ.

ನಾನು ಸ್ಟೂಲಿನ ಮೇಲೆ ಕೂರುವುದನ್ನು ನಿಲ್ಲಿಸಿದೆ. ಅಣ್ಣ ಒಂದು ಲೈವ್ ಪಾಠಕ್ಕೆ ಜ್ವರ ಎಂದ, ಇನ್ನೊಂದಕ್ಕೆ ಕರೆಂಟಿಲ್ಲ ಎಂದ. ಅಷ್ಟರಲ್ಲಿ ದೊಡ್ಡ ಲೈವ್ ಬಂತು. ಎಲ್ಲೆಲ್ಲಿಯ ಕಲಾವಿದರೂ ನೋಡುವಂಥದ್ದು, ಒಂದೇ ಮುಖ, ಒಂದೇ ಕೋರಿಕೆ, ಕಣ್ಣೆದುರೇ ಬಿಡಿಸಬೇಕು. ಅದನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅವನು ಅಡುಗೆಮನೆಗೆ ಬಂದು ನಾನು ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತ.

"ಇದೊಂದ್ ಸಲ ಕೂತ್ಕೋ. ನಿನ್ ಕಾಮಿಕ್ಸ್ ವಾಪಸ್ ಹಾಕಿಸ್ತೀನಿ. ಅಮ್ಮನ ಮೇಲಾಣೆ."

ಅಮ್ಮನ ಮೇಲೆ ಆಣೆ ಇಡಲು ಅವನಿಗೆ ನಾಚಿಕೆಯೂ ಆಗಲಿಲ್ಲ. ನಾನು ಹೂಂ ಎಂದೆ. ಒಳಗೊಳಗೇ ಇನ್ನೊಂದನ್ನು ನಿಶ್ಚಯ ಮಾಡಿಕೊಂಡಿದ್ದೆ.

ಆ ಸಂಜೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಅಮ್ಮ ಪಕ್ಕದ ಕೋಣೆಯಲ್ಲಿ ಫೋನು ಹಿಡಿದು ಕೂತಳು. ನಾನು ದೀಪಕ್ಕೂ ಬೀರುವಿಗೂ ನಡುವೆ ತೂರಿಕೊಂಡೆ. ಕೋರಿಕೆಗಳು ನೆರೆಯ ಹಾಗೆ ಬಂದವು. ಅವನು ಒಂದನ್ನು ಆರಿಸಿ ಜೋರಾಗಿ ಓದಿದ: ನಂಬಿದವರೇ ಕೈಕೊಟ್ಟಾಗಿನ ಮುಖ. ಬೇರೆ ಎಷ್ಟೋ ಇದ್ದವು, ಅದನ್ನೇ ಆರಿಸಿದ. ಆ ಮುಖ ನನ್ನ ಹತ್ತಿರ ತಾಜಾ ಇದೆ ಎಂಬ ಧೈರ್ಯ ಅವನಿಗೆ.

ಎಡಕ್ಕೆ ತಿರುಗಿದ. ನಾನು ಸುಮ್ಮನೆ ಕೂತಿದ್ದೆ. ಗಿರಾಕಿಗಳು ಕನ್ನಡಕ ಆರಿಸುವ ತನಕ ಕೌಂಟರಿನ ಹಿಂದೆ ಕಾಯುತ್ತೇನಲ್ಲ, ಆ ಮುಖ ಇಟ್ಟುಕೊಂಡಿದ್ದೆ. ಹುಬ್ಬಿಲ್ಲ, ತುಟಿಯಿಲ್ಲ, ಏನೂ ಇಲ್ಲ. ಅವನು ಮತ್ತೆ ನೋಡಿದ. ಹುಬ್ಬು ಹಾರಿಸಿ ಸನ್ನೆ ಮಾಡಿದ. ಶಬ್ದವಿಲ್ಲದೆ ಮೂತಿ, ಮೂತಿ ಎಂದು ಬಾಯಾಡಿಸಿದ. ಮೇಜಿನ ಕೆಳಗೆ ಕಾಲು ಚಾಚಿ ಸ್ಟೂಲನ್ನು ಒದ್ದ. ನಾನು ಕದಲಲಿಲ್ಲ. ಅವನ ಹಣೆಯಲ್ಲಿ ಬೆವರು ಮೂಡುವುದನ್ನು ನೋಡುತ್ತಾ ಕೂತೆ. ಸುಖವಾಯಿತು. ಬಿಡಿಸೋ, ಮನಸ್ಸಿನಿಂದ ಬಿಡಿಸೋ ಈಗ!

ಬಿಳಿಯ ಪರದೆ ಹಾಗೇ ಇತ್ತು. ಶಿಷ್ಯರು, "ಸರ್ ಯೋಚಿಸ್ತಿದಾರೆ," ಎಂದು ಬರೆದರು. ಆಮೇಲೆ, "ಸರ್?" ಎಂದು ಬರೆದರು.

ಅಣ್ಣ ಪೆನ್ನು ಎತ್ತಿದ. ನನ್ನನ್ನು ನೋಡಿದ, ಈ ಸಲ ಸನ್ನೆ ಮಾಡಲಿಲ್ಲ. ಬಹಳ ಹೊತ್ತು, ಮೊದಲೆಂದೂ ನೋಡದ ಹಾಗೆ ನೋಡಿದ. ಆಮೇಲೆ ನನ್ನ ಮುಖದಲ್ಲಿ ಇದ್ದದ್ದನ್ನೇ ಎಳೆಯತೊಡಗಿದ. ಸುಮ್ಮನೆ ಮುಚ್ಚಿದ ತುಟಿ. ಎಲ್ಲಿಯೂ ನೋಡದ ಕಣ್ಣು. ಅಳುವುದಕ್ಕೂ ಆಸಕ್ತಿ ಉಳಿಯದ ಗದ್ದ. ಕೌಂಟರಿನ ಹಿಂದೆ ನಿಂತ ನಾನು, ಕೂದಲೆಳೆಯಷ್ಟೂ ತಪ್ಪದೆ.

ಮುಗಿಸಿ ಪೆನ್ನು ಕೆಳಗಿಟ್ಟ. ಒಂದು ಗಳಿಗೆ ನನ್ನ ಕೈಯಲ್ಲಿದ್ದ ಫೋನಿನಲ್ಲಿ ಏನೂ ಬರಲಿಲ್ಲ. ಸೋತ ಎಂದುಕೊಂಡೆ. ಆಮೇಲೆ ಯಾರೋ, "ಅಬ್ಬಾ," ಎಂದು ಬರೆದರು.

ಮತ್ತೆ ನಿಲ್ಲಲಿಲ್ಲ. ಕೈ ಮುಗಿಯುವ ಚಿತ್ರಗಳು, ಒಡೆದ ಎದೆಯ ಚಿತ್ರಗಳು. ಕಣ್ಣೀರಿಲ್ಲದೆ ಅಳಿಸಿಬಿಟ್ಟಿರಿ ಸರ್ ಎಂದರು. ಇದು ಯಾವ ಪ್ಯಾಕಿನಲ್ಲಿದೆ ಸರ್ ಎಂದರು. ಅಣ್ಣ ಗಂಟಲು ಸರಿಮಾಡಿಕೊಂಡು ಪಾಠ ಹೇಳಿದ.

"ಹೊಸಬರು ಮೋಸ ಅಂದ ತಕ್ಷಣ ಕಣ್ಣೀರು ಸುರಿಸ್ತಾರೆ, ಹಲ್ಲು ಕಡಿಸ್ತಾರೆ. ಒಂದು ನೆನಪಿಟ್ಕೊಳ್ಳಿ. ಅಳೋದು, ಅಳಿಸಿದವರು ನೋಡ್ತಾರೆ ಅನ್ನೋ ಆಸೆ ಇದ್ದಾಗ. ಆ ಆಸೇನೂ ಹೋದ್ಮೇಲೆ ಮುಖದಲ್ಲಿ ಏನೂ ಉಳಿಯಲ್ಲ. ಮನೆಯವರೇ ಮೋಸ ಮಾಡಿದಾಗ ಹೀಗಾಗುತ್ತೆ."

ಅವನಿಗೆ ಗೊತ್ತಿತ್ತು. ಒಂದಕ್ಷರ ಬಿಡದೆ ಎಲ್ಲವೂ ಗೊತ್ತಿತ್ತು. ತಿಳಿಯದೆ ಮಾಡಿದ್ದಾನೆ ಎಂದು ಎಲ್ಲೋ ಒಂದು ಮೂಲೆಯಲ್ಲಿ ಇಷ್ಟು ದಿನ ಅಂದುಕೊಂಡಿದ್ದೆ.

ಅಮ್ಮ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು. "ಎಂಥಾ ಮುಖ ಬಿಡಿಸಿದ್ಯೋ, ಕರುಳು ಕಿವುಚಿದ ಹಾಗಾಯ್ತು," ಎಂದಳು. ನಂತರ ನನ್ನ ಕಡೆ ನೋಡಿ, "ನೀನ್ಯಾಕೆ ಹೀಗೆ ಕೂತಿದೀಯ? ಎದ್ದು ತಟ್ಟೆ ಹಾಕು," ಎಂದಳು.

ಅಣ್ಣ ಮಾತಿಗೆ ತಪ್ಪಲಿಲ್ಲ. ತಾಣದವರಿಗೆ ಬರೆದ, ಕಲಿಯುವವಳ ತಪ್ಪನ್ನು ಮನ್ನಿಸಿದ್ದೇನೆ, ನನ್ನ ಮುಖಗಳನ್ನು ಬಳಸಲು ಅನುಮತಿ ಕೊಟ್ಟಿದ್ದೇನೆ ಎಂದು. 'ಬ್ಯಾಟರಿ ಮುಗೀತು' ಮೊದಲ ಕಂತಿನಿಂದ ಮರಳಿ ಬಂತು. ಒಂದೊಂದು ಕಂತಿನ ಕೆಳಗೂ ತಾಣದವರೇ ಒಂದು ಸಾಲು ಸೇರಿಸಿದ್ದರು: ಮುಖ: ಗೆರೆ ಸರ್ ಸಂಗ್ರಹದಿಂದ. ನೆಲದ ಮೇಲೆ ಬಿದ್ದು ನಾನು ಅಳುವ ಚೌಕದ ಕೆಳಗೂ ಅದಿತ್ತು, ಅಣ್ಣ ಗದ್ದ ಹಿಡಿದೆತ್ತುವ ಚೌಕದ ಕೆಳಗೂ ಅದಿತ್ತು.

ಎಲ್ಲವನ್ನೂ ಅಳಿಸಿಹಾಕಬಹುದಿತ್ತು. ಬೆರಳು ಅಲ್ಲಿಗೆ ಹೋಗಿತ್ತು ಕೂಡ. ಅಷ್ಟರಲ್ಲಿ ಯಾರೋ, "ವಾಪಸ್ ಬಂತಲ್ಲ, ಮುಂದೇನಾಯ್ತು?" ಎಂದು ಬರೆದಿದ್ದರು. ನಾನು ಬಡ್ಡಿಮಗಳು, ಆ ಮಾತಿಗೆ ಕರಗಿಬಿಟ್ಟೆ. ಓದುಗರು ಮೊದಲಿಗಿಂತ ಹೆಚ್ಚಾಗಿದ್ದರು. ತಪ್ಪು ಒಪ್ಪಿಕೊಂಡಳು, ದೊಡ್ಡ ಗುಣ ಎಂದರು. ಸರ್ ಮನಸ್ಸು ಅದಕ್ಕಿಂತ ದೊಡ್ಡದು ಎಂದೂ ಎಂದರು.

ಕೊನೆಯ ಕಂತು ಬಾಕಿಯಿತ್ತು. ಸುಳ್ಳೆಂದು ಗೊತ್ತಾದ ಮೇಲೆ ತಂಗಿ ಒಬ್ಬಳೇ ಕೂತು ಎರಡನೆಯ ಸಲ ಅಳುತ್ತಾಳೆ, ಅಮ್ಮನಿಗಾಗಿ ಅಲ್ಲ, ತನಗಾಗಿ. ಆ ಒಂದು ಮುಖಕ್ಕಾಗಿಯೇ ನಾನು ಇಡೀ ಕಥೆ ಬಿಡಿಸಿದ್ದು. ರಜೆಯ ದಿನ ಟ್ಯಾಬ್ಲೆಟ್ ಹಚ್ಚಿಕೊಂಡು ಕನ್ನಡಿಯನ್ನು ಡಬ್ಬಿಗೆ ಒರಗಿಸಿ ಕೂತೆ. ಅಳು ಬರಲಿಲ್ಲ. ಆ ಮಧ್ಯಾಹ್ನವನ್ನು ನೆನೆದೆ, ಊಟದ ಮೇಜನ್ನು ನೆನೆದೆ, ಅವನು ಹೇಳಿದ ಪಾಠವನ್ನು ನೆನೆದೆ. ಕನ್ನಡಿಯಲ್ಲಿ ಕೌಂಟರಿನ ಹಿಂದಿನ ಹೆಂಗಸು ಕೂತಿದ್ದಳು, ಗಿರಾಕಿಗೆ ಕಾಯುತ್ತಾ. ತುಟಿಯನ್ನು ಕೈಯಿಂದ ಎಳೆದು ನೋಡಿದೆ. ಕಣ್ಣು ಹಿಂಡಿದೆ. ಬಿಟ್ಟ ಕೂಡಲೇ ಮುಖ ತನ್ನ ಜಾಗಕ್ಕೆ ಹೋಗಿಬಿಡುತ್ತಿತ್ತು.

ಸಂಜೆಯ ತನಕ ಪ್ರಯತ್ನಪಟ್ಟೆ. ಆಮೇಲೆ ಅಣ್ಣನ ಪುಟ ತೆರೆದು, ಕಲಿಯುವವರಿಗೆ ರಿಯಾಯಿತಿ ಎಂದಿದ್ದ ಕಡೆ ಒತ್ತಿ, ಅಳುವ ಪ್ಯಾಕ್ ಕೊಂಡೆ. ಅಡಿಯ ಪದರದಲ್ಲಿ ಇಟ್ಟು ಮಸುಕು ಮಾಡಿದೆ. ನನ್ನ ಎಡಗಣ್ಣಿನ ಮೇಲೆ ಗೆರೆ ಎಳೆದೆ, ಕೆಳತುಟಿಯ ಮೇಲೆ ಎಳೆದೆ, ಗದ್ದದ ಗುಳಿಗಳನ್ನು ಒಂದೊಂದಾಗಿ ತುಂಬಿದೆ. ಬಹಳ ಚೆನ್ನಾಗಿ ಬಂತು. ತಾಣಕ್ಕೆ ಹಾಕುವಾಗ ಕೆಳಗಿನ ಸಾಲನ್ನು ಈ ಸಲ ನಾನೇ ಟೈಪ್ ಮಾಡಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.